ಕ್ಯಾನಾಸುರನ ಚಿತ್ರ ಬರೆದವರು

ಲಗ್ನಪತ್ರಿಕೆ ಅಚ್ಚು ಹಾಕುವಾಗ ಚಲುವಯ್ಯ ಒಂದಕ್ಷರವನ್ನೂ ಮುಟ್ಟುತ್ತಿರಲಿಲ್ಲ. ಬೀಗರು ಬರೆದುಕೊಟ್ಟ ತಪ್ಪನ್ನು ತಪ್ಪಾಗಿಯೇ ಜೋಡಿಸಿಕೊಡುತ್ತಿದ್ದ. ಅದೇ ಮನುಷ್ಯ ತನ್ನ ಚಿತ್ರಕಥೆಗಳ ಮಾಸಪತ್ರಿಕೆ ‘ಗುಮ್ಮ’ಕ್ಕೆ ಯಾರಾದರೂ ಕಥೆ ಕೊಟ್ಟರೆ ತಲೆ ಕತ್ತರಿಸಿ ಬಾಲಕ್ಕೆ ಅಂಟಿಸುತ್ತಿದ್ದ. ನಾಗಮಂಗಲದ ಒಬ್ಬರು ಕೊಟ್ಟ ರಾಜಕುಮಾರ ಅಚ್ಚಾಗುವಷ್ಟರಲ್ಲಿ ಟ್ರಾಕ್ಟರು ಡ್ರೈವರ್ ಆಗಿದ್ದ. ‘ನಿಮ್ಮ ಕೈಗೆ ಹುಳ ಬೀಳಲಿ’ ಎಂದು ಅವರು ಕಾರ್ಡು ಬರೆದರು. ಚಲುವಯ್ಯ ಆ ಕಾರ್ಡನ್ನು ಜೋಪಾನ ಮಾಡಿ, ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಿದ್ದ.

‘ಗುಮ್ಮ’ ಶುರುವಾದದ್ದು ೧೯೯೦ರಲ್ಲಿ, ಪಾಂಡವಪುರದಲ್ಲಿ ಕಾಲಿನಿಂದ ತುಳಿದು ಓಡಿಸುವ ಅವನ ಟ್ರೆಡಲ್ ಪ್ರೆಸ್ಸಿನಲ್ಲಿ. ಮೂವತ್ತೆರಡು ಪುಟ, ಕಪ್ಪು ಬಿಳುಪು, ತುಂಬ ಭೂತ ಪಿಶಾಚಿ. ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಅಂಗಡಿಯಲ್ಲಿ ಬಂದ ದಿನವೇ ಖಾಲಿಯಾಗುತ್ತಿತ್ತು. ಮಕ್ಕಳಿಗೆ ಚಲುವಯ್ಯ ದೊಡ್ಡ ಮನುಷ್ಯ. ಮನೆಯಲ್ಲಿ ಅತ್ತೆಯನ್ನು ‘ಎಮ್ಮೆಮೋರೆ ಪಿಶಾಚಿ’ ಎಂದು ಕರೆಯುವುದನ್ನು ಮಕ್ಕಳು ಕಲಿತದ್ದು ಅವನಿಂದಲೇ ಎಂದು ತಾಯಂದಿರ ದೂರು. ಮೇಷ್ಟ್ರುಗಳಂತೂ ಅವನ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದರು.

ಅವನಿಗೊಂದು ಪದ್ಧತಿಯಿತ್ತು. ಅಚ್ಚಿಗೆ ಮುಂಚೆ ಪುಟಗಳನ್ನು ಬೆಳಗಿನ ಹೊತ್ತು ಹಾಲಿನ ಡೇರಿಯ ಸಾಲಿಗೆ ಒಯ್ದು ಗಟ್ಟಿಯಾಗಿ ಓದುವುದು. ಕೇಳುತ್ತಿದ್ದವರು ಎಲ್ಲಿ ತಮ್ಮ ಕ್ಯಾನಿನ ಕಡೆ ತಿರುಗಿದರೋ ಅಲ್ಲಿಗೆ ಕೆಂಪು ಪೆನ್ಸಿಲು.

“ಆಲು ಹಾಕೋರ ಮುಂದೆ ನಿಲ್ದಿರೋ ಕತೆ ಇನ್ನೆಲ್ಲಿ ನಿಂತಾತು?” ಎನ್ನುತ್ತಿದ್ದ. ಕಥೆಗಾರರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಉಳಿದವನು ಒಬ್ಬನೇ, ಚಿತ್ರ ಬರೆಯುವ ಸೋಮಯ್ಯ.

ಬೆಳಗೊಳದ ಸೋಮಯ್ಯ ಟ್ರೇಲರುಗಳ ಹಿಂದೆ ನವಿಲು, ಗರುಡ ಬರೆದುಕೊಂಡಿದ್ದವನು. ಮನಸ್ಸಿನಿಂದ ಮುಖ ಹುಟ್ಟಿಸುವುದು ಅವನಿಗೆ ಬರುತ್ತಿರಲಿಲ್ಲ. ಕಂಡ ಮುಖವನ್ನಷ್ಟೇ ಬರೆಯಬಲ್ಲ. ಎರಡನೆಯ ವರ್ಷ ಚಲುವಯ್ಯ ‘ಕ್ಯಾನಾಸುರ’ ಎಂಬ ರಾಕ್ಷಸನನ್ನು ಹುಟ್ಟಿಸಿದ. ಹಾಲು ಕುಡಿದು ಕ್ಯಾನಿಗೆ ನೀರು ತುಂಬುವ ರಾಕ್ಷಸ. ಅವನಿಗೊಂದು ಮುಖ ಬೇಕಾಯಿತು. ಸೋಮಯ್ಯ ಪಕ್ಕದೂರಿನ ಡೇರಿಯ ಕಾರ್ಯದರ್ಶಿ ಬೋರಯ್ಯನ ಮುಖವನ್ನು ಮೂಗಿನ ಮೇಲಿನ ಮಚ್ಚೆಯ ಸಮೇತ ಇಳಿಸಿಬಿಟ್ಟ. ಕೆಳಗೆ ‘ಚಿತ್ರ: ಸೋಮಯ್ಯ’ ಎಂದು ಹೆಸರೂ ಬಂತು.

ಬೋರಯ್ಯ ಟ್ರಾಕ್ಟರಿನಲ್ಲಿ ನಾಲ್ಕು ಜನರನ್ನು ಹೇರಿಕೊಂಡು ಬಂದ. “ಯಾವನ್ಲಾ ಅವ್ನು ಸೋಮಯ್ಯ?”

ಸೋಮಯ್ಯ ಒಳಕೋಣೆಯಲ್ಲಿ ಕಾಗದದ ರೀಮುಗಳ ರಾಶಿಯ ಹಿಂದೆ ಕುಳಿತಿದ್ದ. ಚಲುವಯ್ಯ ಕೈಯ ಮಸಿ ಒರೆಸಿಕೊಳ್ಳುತ್ತಾ ಹೇಳಿದ: “ಸೋಮಯ್ಯ ಅಂತ ಯಾರೂ ಇಲ್ಲ ಕಣಣ್ಣ. ಅದು ನಾನು ಇಟ್ಕೊಂಡಿರೋ ಎಸ್ರು. ಬರ್ದೋನು ನಾನೇ.”

ಎರಡೇಟು ಬಿದ್ದವು. ಮುಂದಿನ ಸಂಚಿಕೆಯಲ್ಲಿ ಕ್ಷಮಾಪಣೆ ಅಚ್ಚಾಯಿತು. ಅಂದಿನಿಂದ ಮೊದಲ ಪುಟದಲ್ಲಿ ಒಂದೇ ಸಾಲು: ‘ಕಥೆ, ಚಿತ್ರ, ಸಂಪಾದನೆ: ಚಲುವಯ್ಯ’.

ಮೊದಲ ವರ್ಷ ಆ ಸಾಲು ಹುಡುಗನನ್ನು ಕಾಪಾಡಲೆಂದೇ ಬಂತು. ಎರಡನೆಯ ವರ್ಷ ಜೋಡಿಸಿದ ಅಚ್ಚಿನ ಮೊಳೆಗಳನ್ನು ಬಿಚ್ಚುವ ಸೋಮಾರಿತನದಿಂದ ಉಳಿಯಿತು. ಮೂರನೆಯ ವರ್ಷದ ಹೊತ್ತಿಗೆ ಚಲುವಯ್ಯನಿಗೆ ಅದು ಇಷ್ಟವಾಗತೊಡಗಿತ್ತು. ಮದುವೆ ಮನೆಯಲ್ಲಿ ಮಕ್ಕಳು ಮುತ್ತಿಕೊಂಡು ಒಂದು ಪಿಶಾಚಿ ಬರೆದುಕೊಡಿ ಎಂದರೆ, ಬೆರಳು ಉಳುಕಿದೆ ಎನ್ನುತ್ತಿದ್ದ. ಐದು ವರ್ಷ ಅವನ ಬೆರಳು ಉಳುಕಿಯೇ ಇತ್ತು.

೧೯೯೬ರ ಜೂನಿನಲ್ಲಿ ಸೋಮಯ್ಯ ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಖಾಸಗಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿದ. ಡ್ರಾಯಿಂಗ್ ಪರೀಕ್ಷೆ ಪಾಸಾಗಿತ್ತು. ಅಚ್ಚಾದ ಚಿತ್ರಗಳಿದ್ದರೆ ತೋರಿಸಿ ಎಂದಿದ್ದರು. ‘ಗುಮ್ಮ’ದ ಕಟ್ಟು ಹೊತ್ತು ಹೋದವನು ಮಧ್ಯಾಹ್ನಕ್ಕೆಲ್ಲ ವಾಪಸು ಬಂದ.

“ಎಲ್ಲಾದ್ರಲ್ಲೂ ಚಲುವಯ್ಯ ಅಂತದೆ, ನಿನ್ದೆಲ್ಲಪ್ಪಾ ಅಂದ್ರು. ಬುಧವಾರದ ಒಳಗೆ ರುಜುವಾತು ತತ್ತಾ ಅಂದವ್ರೆ. ನೀನು ಬಂದು ಒಂದ್ಮಾತು ಹೇಳ್ಬೇಕು ಕಣಣ್ಣ.”

“ನೋಡಾನ ಬುಡ್ಲಾ,” ಎಂದ ಚಲುವಯ್ಯ. ಹೇಳಿದರೆ ಸೋಮಯ್ಯ ಹೋಗುತ್ತಾನೆ. ಅವನು ಹೋದರೆ ‘ಗುಮ್ಮ’ ಇಲ್ಲ. ಜೊತೆಗೆ, ಇಷ್ಟು ವರ್ಷ ಬರೆದದ್ದು ತಾನಲ್ಲವೆಂದು ಊರಿಗೆಲ್ಲ ಗೊತ್ತಾಗುತ್ತದೆ. ಎರಡು ದಿನ ಅವನು ಸೋಮಯ್ಯನ ಕಣ್ಣು ತಪ್ಪಿಸಿ ಓಡಾಡಿದ.

ಮೊಳೆ ಜೋಡಿಸುತ್ತಿದ್ದ ಹೆಂಡತಿ ಯಶೋದಮ್ಮ ತಲೆ ಎತ್ತದೆ ಹೇಳಿದಳು: “ಕ್ಯಾನಾಸುರ ಆಲ್ನಷ್ಟೇ ಕುಡೀತಿದ್ದ. ನೀವು ಆ ಹೈದನ ಎಸ್ರನ್ನೇ ಕುಡ್ದು ಕೂತಿದ್ದೀರಿ.”

“ಅವತ್ತು ಏಟು ತಿಂದೋನು ನಾನು.”

“ಎರಡೇಟು ತಾನೆ? ಐದು ವರ್ಸ ಸನ್ಮಾನ ಉಂಡಿದ್ದೀರಲ್ಲ. ಸಾಲ್ದಾ?”

ಬುಧವಾರ ಚಲುವಯ್ಯ ಒಗೆದ ಅಂಗಿ ಹಾಕಿಕೊಂಡು ಸೋಮಯ್ಯನ ಜೊತೆ ಬಸ್ಸು ಹತ್ತಿದ.

ಹೆಡ್‌ಮಾಸ್ಟರ್ ಮರಿಯಯ್ಯ ನುಣ್ಣಗೆ ಕ್ಷೌರ ಮಾಡಿಕೊಂಡ ದುಂಡು ಮುಖದವರು. ಬಂದವನು ಯಾರೆಂದು ತಿಳಿದ ಕೂಡಲೇ ಎದ್ದು ಬೀರುವಿನ ಬಾಗಿಲು ತೆಗೆದರು. ಒಳಗೆ ತಿಂಗಳ ಪ್ರಕಾರ ಜೋಡಿಸಿದ ‘ಗುಮ್ಮ’ದ ಸಾಲು.

“ನಲವತ್ತೊಂದು ಇವೆ. ಎಲ್ಲ ಮಕ್ಕಳ ಡೆಸ್ಕಿನಿಂದ ಕಿತ್ತುಕೊಂಡದ್ದು. ಮಗ್ಗಿ ಬಾಯಿಗೆ ಬರಲ್ಲ, ಪಿಶಾಚಿ ವಂಶಾವಳಿ ಬರತ್ತೆ.”

“ತಪ್ಪಾಯ್ತು ಸ್ವಾಮಿ. ಇದ್ರಲ್ಲಿರೋ ಚಿತ್ರ ಎಲ್ಲಾ ಇವ್ನು ಬರ್ದಿದ್ದು. ನಂದಲ್ಲ.”

“ಇವತ್ತು ನಂದಲ್ಲ ಅಂತೀರಿ. ಇಲ್ಲಿ ನಲವತ್ತೊಂದು ಸಲ ನಂದು ಅಂತ ಅಚ್ಚು ಹಾಕಿದ್ದೀರಿ. ನಾನು ಯಾವುದನ್ನ ನಂಬಲಿ?”

ಮರಿಯಯ್ಯ ಇಬ್ಬರನ್ನೂ ಎಂಟನೇ ತರಗತಿಗೆ ಕರೆದೊಯ್ದು, ಇಬ್ಬರ ಕೈಗೂ ಸೀಮೆಸುಣ್ಣ ಕೊಟ್ಟರು. “ಕ್ಯಾನಾಸುರನನ್ನ ಬರೀರಿ. ಇಬ್ಬರೂ.”

ಚಲುವಯ್ಯನ ಹೆಸರು ಕೇಳಿದ್ದೇ ತರಗತಿಯಲ್ಲಿ ಗುಜುಗುಜು ಎದ್ದಿತು. ಐವತ್ತು ಮಕ್ಕಳು ಅವನನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಬೆರಳು ಉಳುಕಿದೆ ಎನ್ನಲು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. ಬೇಕೆಂದೇ ಕೆಡಿಸಿದರೆ ಮೇಷ್ಟ್ರಿಗೆ ಗೊತ್ತಾಗುತ್ತದೆ ಎಂದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಬರೆದ. ಕಣ್ಣು ಬಂತು, ಕಿವಿ ಬಂತು. ಕುತ್ತಿಗೆಗೆ ಜಾಗ ಉಳಿಯಲಿಲ್ಲ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮರ್ಯಾದೆಯಿಂದಲೇ ಕೇಳಿದಳು: “ಸಾ, ಇದು ಅಲಸಿನಣ್ಣಾ?”

ತರಗತಿ ನಕ್ಕಿತು. ಪಕ್ಕದಲ್ಲಿ ಸೋಮಯ್ಯನ ಕ್ಯಾನಾಸುರ ಆಗಲೇ ಕ್ಯಾನೆತ್ತಿ ಕುಡಿಯುತ್ತಿದ್ದ, ಗಂಟಲಿನ ಗುಟುಕು ಸಹ ಕಾಣುತ್ತಿತ್ತು. ಚಲುವಯ್ಯ ಸೀಮೆಸುಣ್ಣ ಕೆಳಗಿಟ್ಟು ಮಕ್ಕಳ ಕಡೆ ತಿರುಗಿದ. “ಅಲಸಿನಣ್ಣೇ ಕಣವ್ವಾ. ರಾಕ್ಷಸ್ರನ್ನ ಬರ್ಯೋರು ಅಗೋ, ಅವ್ರು. ನಾನು ಬಾಯಲ್ಲಿ ಹೇಳೋನು, ಅಷ್ಟೇ.”

ಕೋಣೆಗೆ ಮರಳಿದ ಮೇಲೆ ಮರಿಯಯ್ಯ ಸೋಮಯ್ಯನಿಗೆ ಕೆಲಸ ಕೊಟ್ಟೆವೆಂದರು. “ಭಾನುವಾರ ಬೇಕಾದರೆ ಪತ್ರಿಕೆಗೆ ಬರೆದುಕೊಳ್ಳಲಿ. ಆದರೆ ಅದರಲ್ಲಿ ಹೆಸರು ಬರಕೂಡದು. ನಮ್ಮ ಶಾಲೆಗೆ ಒಂದು ಗೌರವ ಇದೆ.”

ಸೋಮಯ್ಯ ತಲೆಯಾಡಿಸಲು ಹೊರಟಿದ್ದ. ಚಲುವಯ್ಯ ಕುರ್ಚಿಯಿಂದ ಎದ್ದುಬಿಟ್ಟ.

“ಎಸ್ರಿಲ್ದೆ ನಾನು ಅಚ್ಚಾಕಾಕಿಲ್ಲ ಸ್ವಾಮಿ. ಗುಮ್ಮ ನಿಂತೋದ್ರೂ ಸೈ.”

“ಐದು ವರ್ಷ ಹಾಕಿದಿರಲ್ರೀ?”

“ಅದಕ್ಕೇ ಇವತ್ತು ನಿಮ್ಮ ಬೋರ್ಡ್ ಮೇಲೆ ಅಲಸಿನಣ್ಣು ಬರ್ದಿದ್ದು.”

ಮರಿಯಯ್ಯ ಮೊದಲ ಬಾರಿಗೆ ನಕ್ಕರು. ಚೌಕಾಸಿ ಮುಗಿಯುವಾಗ ಊಟದ ಗಂಟೆ ಹೊಡೆದಿತ್ತು. ಹೆಸರು ಹಾಕಬಹುದು. ಆದರೆ ಅಚ್ಚಿಗೆ ಹೋಗುವ ಮುಂಚೆ ಪ್ರತಿ ಪುಟವನ್ನೂ ಹೆಡ್‌ಮಾಸ್ಟರು ನೋಡಬೇಕು, ಅವರು ತೆಗೆ ಎಂದದ್ದನ್ನು ತೆಗೆಯಬೇಕು.

ಬೇರೆಯವರ ಬರಹಕ್ಕೆ ಕೆಂಪು ಪೆನ್ಸಿಲು ಹಾಕಿಕೊಂಡು ಬಂದವನಿಗೆ ಜುಲೈ ತಿಂಗಳಲ್ಲಿ ತನ್ನ ಪುಟಗಳೇ ಕೆಂಪು ಗುರುತು ಹೊತ್ತು ಬಂದವು. ಒಂದು ಕಡೆ ಮಾತ್ರ. ಹೊಸ ರಾಕ್ಷಸನ ಮೀಸೆಗೆ ಸುತ್ತು ಹಾಕಿ ಮರಿಯಯ್ಯ ಬರೆದಿದ್ದರು: ‘ಇದು ನಮ್ಮ ಕಮಿಟಿ ಅಧ್ಯಕ್ಷರ ಮೀಸೆ. ತೆಗೆಯಿರಿ.’

ಚಲುವಯ್ಯ ಮುಕ್ಕಾಲು ಗಂಟೆ ಹೆಡ್‌ಮಾಸ್ಟರ ಕುಲವನ್ನೆಲ್ಲ ಜಾಲಾಡಿದ. ಆಮೇಲೆ ಮೈಸೂರಿನಲ್ಲಿ ಬ್ಲಾಕಿನವನ ಕೈಯಲ್ಲೇ ಮೀಸೆ ತೆಗೆಸಿ, ಚಿತ್ರ ಅಚ್ಚಾಗುವ ಬ್ಲಾಕು ಮಾಡಿಸಿ ತಂದ. ಮೊದಲ ಪುಟದಲ್ಲಿ ‘ಚಿತ್ರ: ಸೋಮಯ್ಯ, ಬೆಳಗೊಳ’ ಎಂಬ ಸಾಲನ್ನು ಯಶೋದಮ್ಮನ ಕೈಯಿಂದ ಕಿತ್ತುಕೊಂಡು ತಾನೇ ಜೋಡಿಸಿದ.

ಭಾನುವಾರ ಬಂದ ಸೋಮಯ್ಯ ಮೊದಲ ಪ್ರೂಫನ್ನು ಬೆಳಕಿಗೆ ಹಿಡಿದ. ತನ್ನ ಹೆಸರನ್ನು ಎರಡು ಸಲ ಓದಿದ. ಆಮೇಲೆ ಪುಟ ತಿರುಗಿಸಿ, ನುಣ್ಣಗೆ ದುಂಡಗಾಗಿದ್ದ ರಾಕ್ಷಸನ ಮುಖವನ್ನು ನೋಡುತ್ತಾ ನಿಂತ.

“ಅಣ್ಣ, ಇದು ಎಡ್‌ಮೇಷ್ಟ್ರಂಗೆ ಕಾಣಾಕಿಲ್ವಾ?”

“ಕಾಣ್ತದೆ. ಮೀಸೆ ತೆಗ್ದಾಗ್ಲೇ ನೋಡ್ದೆ.”

“ಯಾಕೆ ಹೇಳ್ನಿಲ್ಲ?”

“ತೆಗೀರಿ ಅಂದೋರು ಅವ್ರೇ. ಈಗ ನಿನ್ನಿಷ್ಟ. ಬ್ಯಾಡ ಅಂದ್ರೆ ನಿನ್ನ ಎಸ್ರು ಕಿತ್ತು ನಂದೇ ಹಾಕ್ಬುಡ್ತೀನಿ. ಏಟು ತಿಂದು ನಂಗೆ ರೂಢಿ ಅದೆ.”

ಸೋಮಯ್ಯ ಪ್ರೂಫನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡ.

“ಇರ್ಲಿ ಬುಡಣ್ಣ. ಅಂಗೇ ಓಡ್ಸು.”

ಚಲುವಯ್ಯ ಟ್ರೆಡಲಿನ ಮೇಲೆ ಕಾಲಿಟ್ಟ.