ಆಪರೇಟರಮ್ಮನ ನಾಲ್ಕು ನಿಮಿಷ

ಅವರ ತಲೆಯ ಮೇಲೆ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಕೂದಲಿಲ್ಲದ ಸಣ್ಣ ಗೆರೆಯೊಂದಿತ್ತು. ಬೈತಲೆಯಲ್ಲ. ಬೈತಲೆ ಹಣೆಯಿಂದ ಹಿಂದಕ್ಕೆ ಹೋಗುತ್ತದೆ. ಇದು ಅದಕ್ಕೆ ಅಡ್ಡವಾಗಿತ್ತು. ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೇಳು ವರ್ಷ ಹೆಡ್‌ಫೋನಿನ ಪಟ್ಟಿ ಕೂತ ಜಾಗ ಅದು. ಸೆರಗು ಜಾರಿದಾಗ ಮಾತ್ರ ಕಾಣುತ್ತಿತ್ತು. ರಸ್ತೆಯ ಈ ಬದಿ ಕೂತ ನನಗೆ ಅದು ದಿನಕ್ಕೆ ಎರಡು ಮೂರು ಸಲವಾದರೂ ಕಾಣುತ್ತಿತ್ತು, ಏಕೆಂದರೆ ನಾನು ದಿನವಿಡೀ ಆ ಕಡೆಗೇ ನೋಡುತ್ತಿದ್ದೆ.

ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆ ಹೋಗುವ ದಾರಿಯಲ್ಲಿ ನಮ್ಮ ಊರು. ಬಸ್ ನಿಲ್ದಾಣದ ಪಕ್ಕದ ಓಣಿಯಲ್ಲಿ ಅವರದು ಮೂರು ಗೂಡಿನ ಎಸ್‌ಟಿಡಿ ಬೂತು. ನಿವೃತ್ತರಾದ ಮೇಲೆ ಇಟ್ಟದ್ದು. ಊರಿಗೆಲ್ಲ ಅವರು ಆಪರೇಟರಮ್ಮ. ಯಾರೇ ಫೋನಿಗೆ ಬರಲಿ, ಮೊದಲು ಒಂದು ಚೀಟಿ, ಒಂದು ಪೆನ್ಸಿಲ್ ಕೊಡುತ್ತಿದ್ದರು. "ಏನು ಮಾತಾಡಬೇಕು ಅದನ್ನ ಬರಕೋರಿ. ಹಲೋ, ಆರಾಮಾ, ಮಳಿ ಆತಾ, ಇಷ್ಟರಾಗ ಒಂದು ನಿಮಿಷ ಹೋಗ್ತೈತಿ. ಮಳಿ ಸುದ್ದಿ ಕಾಗದದಾಗ ಕೇಳ್ರಿ." ಬರೆಯಲು ಬಾರದವರಿಗೆ ತಾವೇ ಬರೆದುಕೊಟ್ಟು, ಗಾಜಿನ ಆಚೆ ನಿಂತು ಒಂದೊಂದೇ ಬೆರಳು ಮಡಚಿ ನೆನಪಿಸುತ್ತಿದ್ದರು. ಒಳಗೆ ಆಡಿದ ಮಾತು ಅವರ ಕಿವಿಗೆ ಬಿದ್ದೇ ಬೀಳುತ್ತಿತ್ತು. ಬಾಯಿಂದ ಮಾತ್ರ ಎಂದೂ ಹೊರಬೀಳಲಿಲ್ಲ.

ನಾನು ಎದುರಿಗೆ ಕಂಪ್ಯೂಟರ್ ಸೆಂಟರ್ ತೆರೆದೆ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಮೋಡೆಮ್ಮು. ಸುತ್ತಲ ತಾಲ್ಲೂಕುಗಳಲ್ಲಿ ಇಂಟರ್ನೆಟ್ ತೋರಿಸುವವನು ನಾನೊಬ್ಬನೇ ಎಂಬ ಗರ್ವವಿತ್ತು. ಆದರೆ ಊರಿನಲ್ಲಿ ಇಂಟರ್ನೆಟ್ಟಿನ ನಂಬರಿರಲಿಲ್ಲ. ಹೊಸಪೇಟೆಗೆ ಎಸ್‌ಟಿಡಿ ಹಚ್ಚಬೇಕು. ಮೋಡೆಮ್ಮು ತೆರೆದಿರುವಷ್ಟು ಹೊತ್ತೂ ಟೆಲಿಫೋನ್ ಕರೆಯ ದರ ಓಡುತ್ತಿತ್ತು. ಆ ದರವೋ ಹೊತ್ತಿಗೊಂದು. ಹಗಲು ಪೂರ್ತಿ, ಸಂಜೆಗೆ ಕಡಿಮೆ, ರಾತ್ರಿ ಎಂಟೂವರೆಗೆ ಇನ್ನಷ್ಟು ಕಡಿಮೆ, ಊರು ಮಲಗಿದ ಮೇಲೆ ಕಾಲು ಭಾಗ. ನಾನು ಇದನ್ನೆಲ್ಲ ಲೆಕ್ಕ ಹಾಕಿ ಬಣ್ಣದ ಪಟ್ಟಿ ಮಾಡಿ, ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ತೂಗಿದೆ. ಯಾವ ಹೊತ್ತಿಗೆ ಎಷ್ಟು ನಿಮಿಷಕ್ಕೆ ಎಷ್ಟು ಎಂಬುದು ಅದರಲ್ಲಿತ್ತು. ಗಣಿತದಲ್ಲಿ ಡಿಗ್ರಿ ಮಾಡಿದವನು ನಾನು. ಆ ಪಟ್ಟಿಯಲ್ಲಿ ಒಂದೂ ತಪ್ಪಿರಲಿಲ್ಲ.

ಜನ ಪಟ್ಟಿ ನೋಡುತ್ತಿದ್ದರು, ತಲೆಯಾಡಿಸುತ್ತಿದ್ದರು, ರಸ್ತೆ ದಾಟಿ ಹೋಗಿ ಆಪರೇಟರಮ್ಮನನ್ನು ಕೇಳಿ ಬರುತ್ತಿದ್ದರು.

ಒಂದು ದಿನದ ಮಾತು ಹೇಳುತ್ತೇನೆ. ಹೊಸಹಳ್ಳಿಯ ಶಾಲೆಯ ಟೀಚರೊಬ್ಬರು ತಂಗಿಯ ಪರೀಕ್ಷೆಯ ಫಲಿತಾಂಶ ನೋಡಲು ಬಂದರು. ಬೆಳಗಿನ ಹನ್ನೊಂದು ಗಂಟೆ. ಆರು ನಿಮಿಷ ಸಾಕೆಂದು ಹೇಳಿ, ಪಟ್ಟಿಯಲ್ಲಿ ಬೆರಳಿಟ್ಟು ತೋರಿಸಿದೆ. ಅವರು ರಸ್ತೆ ದಾಟಿ ಹೋಗಿ ಬಂದರು.

"ಆಪರೇಟರಮ್ಮ ಈಗ ಬ್ಯಾಡ ಅಂತಾರ್ರಿ. ಇವತ್ತು ಎಲ್ಲಾರೂ ಅದಕ್ಕ ಹಚ್ಚತಿರ್ತಾರ, ಲೈನ್ ಕಡಿತೈತಿ, ಎಂಟೂವರಿ ಮ್ಯಾಲ ನೋಡ್ಸು ಅಂದ್ರು."

"ಅವರಿಗೆ ಫೋನ್ ಗೊತ್ತು, ಇದು ಇಂಟರ್ನೆಟ್," ಎಂದೆ.

ಹಚ್ಚಿದೆ. ಮೋಡೆಮ್ಮು ಕಿರುಚಿತು, ಒರಲಿತು, ಸುಮ್ಮನಾಯಿತು. ಪುಟ ಅರ್ಧ ಬಂತು, ಲೈನು ಹೋಯಿತು. ಮತ್ತೆ ಹಚ್ಚಿದೆ. ಮತ್ತೆ ಹೋಯಿತು. ಕೊನೆಗೆ ಫಲಿತಾಂಶ ಬಂದಾಗ ನನ್ನ ಲೆಕ್ಕದಲ್ಲಿ ಒಟ್ಟು ಆರು ನಿಮಿಷವೇ ಆಗಿತ್ತು. ಅಷ್ಟಕ್ಕೇ ಹಣ ಕೇಳಿದೆ.

ಎದುರಿನಿಂದ ಧ್ವನಿ ಬಂತು. "ತಮ್ಮಾ, ಏಳು ಸಲ ಹಚ್ಚಿದಿ. ಏಳಕ್ಕ ಏಳೂ ಫೋನ್ ಕರಿ ಬ್ಯಾರೆ ಬ್ಯಾರೆ. ಅರ್ಧ ನಿಮಿಷ ಮಾತಾಡಿದ್ರೂ ಪೂರಾ ಯೂನಿಟ್ ಬೀಳತೈತಿ. ನಿನ್ನ ಪಟ್ಟಿ ಒಂದಾ ಕರಿ ಅಂತ ತಿಳಕಂಡೈತಿ."

ಮೋಡೆಮ್ಮು ಎಷ್ಟು ಸಲ ಕೂಗಿತು ಎಂಬುದನ್ನು ಅವರು ರಸ್ತೆಯಾಚೆ ಕೂತು ಎಣಿಸಿದ್ದರು. ಬಿಲ್ಲು ಎಷ್ಟು ಬರುತ್ತದೆ ಎಂದೂ ಹೇಳಿದರು. ನಾನು ಅದನ್ನು ಬರೆದಿಟ್ಟುಕೊಂಡೆ, ಸುಳ್ಳಾಗಲಿ ಎಂದು. ತಿಂಗಳ ಕೊನೆಯಲ್ಲಿ ಬಿಲ್ಲು ಬಂತು; ಉಳಿದ ದಿನಗಳ ಕರೆ ಕಳೆದು ನೋಡಿದೆ. ಅವರು ಹೇಳಿದ್ದಷ್ಟೇ ಇತ್ತು. ನಾನು ಕೇಳಿದ್ದರ ದುಪ್ಪಟ್ಟಿಗೂ ಹೆಚ್ಚು. ವ್ಯತ್ಯಾಸ ನನ್ನ ಕೈಯಿಂದ ಹೋಯಿತು.

ಹಣ ಹೋದದ್ದು ನನಗೆ ನೆನಪಿಲ್ಲದಷ್ಟು ಸಣ್ಣ ನೋವು. ಟೀಚರು ಹೋಗುವಾಗ ಆಪರೇಟರಮ್ಮನಿಗೆ ಕೈ ಮುಗಿದು ಹೋದರಲ್ಲ, ಅದು ಉಳಿಯಿತು. ಮನೆಯಲ್ಲೂ ಅದೇ. ಪಟ್ಟಿ ತಿದ್ದುತ್ತ ಕೂತರೆ ಹೆಂಡತಿ, "ಯಾಕ ಒದ್ದಾಡ್ತೀರಿ, ಆಪರೇಟರಮ್ಮನ್ನ ಒಂದು ಮಾತು ಕೇಳಬಾರದಾ?" ಎನ್ನುತ್ತಿದ್ದಳು. "ಅವರೇನು ಡಿಗ್ರಿ ಮಾಡ್ಯಾರೇನು?" ಎಂದರೆ, "ಅದಕ್ಕಾ ಅವರ ಲೆಕ್ಕ ತಪ್ಪಂಗಿಲ್ಲ," ಎಂದು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಅವರ ಆ ಕಿವಿಯ ಮೇಲೆ ನನಗಿದ್ದ ಹೊಟ್ಟೆಕಿಚ್ಚನ್ನು ಈಗ ಅಳೆಯಲು ಹೋದರೆ ನನಗೇ ಭಯವಾಗುತ್ತದೆ. ಕದ್ದು ಕೂತು ನಾನೂ ಕರೆಗಳನ್ನು ಕಿವಿಯಿಂದ ಎಣಿಸಲು ನೋಡಿದ್ದುಂಟು. ಮೂರಕ್ಕೆ ಎಣಿಕೆ ತಪ್ಪುತ್ತಿತ್ತು.

ಆಗ ನಾನು ಅವರ ಗಡಿಯಾರ ನೋಡಲು ಶುರುಮಾಡಿದೆ.

ಬೂತಿನ ಗೋಡೆಗೊಂದು ಗಡಿಯಾರವಿತ್ತು. ಮೇಜಿನ ಮೇಲೆ ಬಿಲ್ಲು ಮುದ್ರಿಸುವ ಮೀಟರು. ಅದರೊಳಗೂ ಒಂದು ಗಡಿಯಾರ. ಎರಡನ್ನೂ ಅವರು ಒಂದೇ ಸಮಕ್ಕೆ ಇಟ್ಟಿದ್ದರು. ರಾತ್ರಿ ಎಂಟೂವರೆಗೆ ದರ ಇಳಿಯುವುದನ್ನೇ ಕಾದು ಜನ ಬೂತಿನ ಮೆಟ್ಟಿಲ ಮೇಲೆ ಕೂಡುತ್ತಿದ್ದರು. ಗೋಡೆಯಲ್ಲಿ ಎಂಟೂವರೆ ಆದ ಮೇಲೇ ಅವರು ಹಾಗೆ ಕಾದವರನ್ನು ಮೂರೂ ಗೂಡಿಗೆ ಬಿಡುತ್ತಿದ್ದದ್ದು; ಅವಸರದವರು ಮೊದಲೇ ಹೋಗಿ ಹೆಚ್ಚಿನ ದರ ಕೊಡುತ್ತಿದ್ದರು. ನಾನು ರೇಡಿಯೋ ಹಿಡಿದು ನನ್ನ ಬಾಗಿಲಲ್ಲಿ ನಿಂತೆ. ರೇಡಿಯೋದಲ್ಲಿ ಎಂಟೂವರೆ. ಅವರ ಗೋಡೆಯಲ್ಲಿ ಎಂಟು ಇಪ್ಪತ್ತಾರು. ಮರುದಿನವೂ ಹಾಗೆಯೇ. ಐದು ದಿನ ನೋಡಿದೆ. ಐದೂ ದಿನ ನಾಲ್ಕು ನಿಮಿಷ ಹಿಂದೆ.

ಮರುದಿನ ಕ್ಷೌರದ ಅಂಗಡಿಯಲ್ಲಿ, ಗಲ್ಲಕ್ಕೆ ಸೋಪು ಹಚ್ಚಿಸಿಕೊಂಡು, ನಾನು ಒಂದೇ ಒಂದು ಮಾತು ಹೇಳಿದೆ. "ಆಪರೇಟರಮ್ಮನ ಗಡಿಯಾರ ನಾಕು ನಿಮಿಷ ಹಿಂದ ಐತಿ ನೋಡ್ರಿ." ಮೋಸ ಎನ್ನಲಿಲ್ಲ. ಬೇಕಂತಲೇ ಎನ್ನಲಿಲ್ಲ. ಹೇಳಿದ್ದರಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಕಾಳಿನ ವ್ಯಾಪಾರಿ, "ಹೌದಾ? ಅಂದ್ರ ಅಷ್ಟೊತ್ತೂ ಜಾಸ್ತಿ ರೇಟಿನಾಗ ಬಿಲ್ಲು ಹರಿತೈತಿ," ಎಂದ. ನಾನು ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಸಂತೆಯ ದಿನದ ಹೊತ್ತಿಗೆ ಮಾತು ಓಣಿಗೆ ಬಂತು. ರಾತ್ರಿ ಬೂತಿನ ಮುಂದೆ ನಾಲ್ಕೈದು ಜನ ಕೈಗಡಿಯಾರ ಎತ್ತಿ ಹಿಡಿದು ನಿಂತರು. "ಏನವ್ವಾ, ನಿಮ್ಮ ಎಂಟೂವರಿ ಬ್ಯಾರೇನಾ, ನಮ್ಮದು ಬ್ಯಾರೇನಾ?" ಎಂದು ಒಬ್ಬ ಕೇಳಿದ. "ಟೆಲಿಫೋನಿನಾಗ ಹಣ್ಣಾದಾರು, ಅವರಿಗೆ ಗೊತ್ತಿರದಾ?" ಎಂದು ಇನ್ನೊಬ್ಬ ನಕ್ಕ. ಅವರು ಯಾರ ಕಡೆಗೂ ನೋಡದೆ, ಸ್ಟೂಲು ಹತ್ತಿ ಗೋಡೆಯ ಗಡಿಯಾರದ ಮುಳ್ಳನ್ನು ನಾಲ್ಕು ನಿಮಿಷ ಮುಂದಕ್ಕೆ ತಿರುಗಿಸಿದರು. ಇಳಿದು ಮೀಟರನ್ನೂ ಹಾಗೆ ಮಾಡಿದರು. "ಆತು, ಹೋಗ್ರಿ ಒಳಗ," ಎಂದರು. ಒಂದು ಮಾತೂ ಸಮಜಾಯಿಷಿ ಹೇಳಲಿಲ್ಲ. ಹೇಳದ್ದರಿಂದಲೇ ಅದು ನಿಜವೆಂದು ಎಲ್ಲರೂ ತೀರ್ಮಾನಿಸಿದರು.

ಆಮೇಲೆ ಅವರು ಯಾರಿಗೂ ಲೆಕ್ಕ ಹೇಳಲಿಲ್ಲ. ಕೇಳಿದರೆ, "ಎದುರಿಗೆ ಪಟ್ಟಿ ಐತಿ, ನೋಡ್ರಿ," ಎನ್ನುತ್ತಿದ್ದರು. ಜನ ನನ್ನ ಪಟ್ಟಿಯ ಮುಂದೆ ನಿಂತರು. ಬಯಸಿದ್ದು ಸಿಕ್ಕಿತ್ತು. ಮೊದಲ ವಾರ ನಾನು ಸಂತೋಷವಾಗಿದ್ದೆ ಎಂಬುದನ್ನೂ ಬರೆಯಬೇಕು.

ಎರಡು ತಿಂಗಳಾದ ಮೇಲೆ ನನ್ನ ಬಿಲ್ಲು ಹೆಚ್ಚಾಯಿತೆನಿಸಿ, ಪ್ರತಿ ಕರೆಯ ವಿವರ ಬೇಕೆಂದು ಟೆಲಿಫೋನ್ ಕಚೇರಿಗೆ ಅರ್ಜಿ ಕೊಟ್ಟೆ. ಉದ್ದನೆಯ ಕಾಗದ ಬಂತು. ನಾನು ಪ್ರತಿ ಸಲ ಹೊಸಪೇಟೆಗೆ ಹಚ್ಚಿದ ಹೊತ್ತನ್ನು ರೇಡಿಯೋ ಸಮಯಕ್ಕೆ ಸರಿಯಾಗಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಎರಡನ್ನೂ ಪಕ್ಕದಲ್ಲಿಟ್ಟೆ. ನನ್ನ ಪುಸ್ತಕದಲ್ಲಿ ಎಂಟು ಮೂವತ್ತೊಂದು, ಕಾಗದದಲ್ಲಿ ಎಂಟು ಇಪ್ಪತ್ತೇಳು. ನನ್ನದು ಎಂಟು ಮೂವತ್ತೆರಡು, ಅದು ಎಂಟು ಇಪ್ಪತ್ತೆಂಟು. ಹಾಳೆಯುದ್ದಕ್ಕೂ ಹಾಗೆಯೇ. ಎಕ್ಸ್‌ಚೇಂಜಿನ ಗಡಿಯಾರವೇ ನಾಲ್ಕು ನಿಮಿಷ ಹಿಂದಿತ್ತು. ದರ ಇಳಿಯುವುದು ಅದರ ಎಂಟೂವರೆಗೇ ಹೊರತು ರೇಡಿಯೋದ ಎಂಟೂವರೆಗಲ್ಲ. ಆಪರೇಟರಮ್ಮ ತಮ್ಮ ಗಡಿಯಾರವನ್ನು ಅದಕ್ಕೆ ಹೊಂದಿಸಿ, ದರ ನಿಜವಾಗಿ ಇಳಿಯುವವರೆಗೆ ಜನರನ್ನು ಕಾಯಿಸುತ್ತಿದ್ದರು. ಈಗ ಮುಳ್ಳು ತಿರುಗಿಸಿದ ಮೇಲೆ, ಮೊದಲ ನಾಲ್ಕು ನಿಮಿಷ ಮೂರೂ ಗೂಡಿನವರು ಕಡಿಮೆ ದರ ಕೊಡುತ್ತಿದ್ದರು; ಎಕ್ಸ್‌ಚೇಂಜು ಆಪರೇಟರಮ್ಮನಿಂದ ಹೆಚ್ಚಿನ ದರ ವಸೂಲು ಮಾಡುತ್ತಿತ್ತು. ದಿನಾ ರಾತ್ರಿ ಆ ವ್ಯತ್ಯಾಸ ಅವರ ಪಿಂಚಣಿಯಿಂದ ಹೋಗುತ್ತಿತ್ತು.

ಕಾಗದ ಹಿಡಿದು ರಸ್ತೆ ದಾಟಿದೆ. ಮಧ್ಯಾಹ್ನ, ಯಾರೂ ಇರಲಿಲ್ಲ. ಅವರು ಕಾಗದವನ್ನು ಒಮ್ಮೆ ನೋಡಿ ಮಡಚಿ ನನ್ನ ಕೈಗೇ ಕೊಟ್ಟರು.

"ಇದನ್ನ ಯಾರಿಗರ ತೋರ್ಸಿಯೇನು?"

"ಇಲ್ಲಮ್ಮಾ."

"ತೋರಸಬ್ಯಾಡ. ಆ ಗಡಿಯಾರ ಹೊಂದಿಸೋದು ಅಲ್ಲೊಬ್ಬನ ಡ್ಯೂಟಿ. ನನ್ನ ಕೈಯಾಗ ಕೆಲಸ ಕಲ್ತಾವ. ಎರಡು ವರ್ಷಕ್ಕ ರಿಟೈರ್ ಆಗ್ತಾನ. ಈಗ ತಿದ್ದಿದ್ರೂ ರಿಕಾರ್ಡಿನಾಗ ಬೀಳತೈತಿ, ಮ್ಯಾಲಿಗೆ ಹೋದ್ರ ಅವನ ಪಿಂಚಣಿಗೆ ಬರ್ತೈತಿ." ಗೋಡೆಯ ಗಡಿಯಾರದ ಕಡೆ ಕೈ ಮಾಡಿ, "ಜನಕ್ಕೇನೂ ಲುಕ್ಸಾನಿಲ್ಲ. ರಾತ್ರಿ ನಾಕು ನಿಮಿಷ ತಡಾ ಇಳಿತೈತಿ, ಮುಂಜಾನಿ ನಾಕು ನಿಮಿಷ ತಡಾ ಏರತೈತಿ. ನೀನು ರಾತ್ರಿದಷ್ಟಾ ನೋಡ್ದಿ."

ಗಡಿಯಾರ ನೋಡಿದವನು ನಾನೇ ಎಂದು ಅವರಿಗೆ ಗೊತ್ತಿತ್ತು. ನನಗೆ ತಲೆ ಎತ್ತಲಾಗಲಿಲ್ಲ.

"ರೇಡಿಯೋ ಹಿಡಕಂಡು ಬಾಗಿಲಾಗ ನಿಂತಿದ್ದಿಯಲ್ಲೋ ತಮ್ಮಾ. ಐದು ದಿನ. ನಾನೇನು ಕುರುಡೇನು? ಕೂಡು, ಚಾ ತರಸ್ತೀನಿ."

ಕ್ಷಮೆ ಕೇಳಬೇಕಿತ್ತು. ಕೂತೆ, ಚಹಾ ಕುಡಿದೆ. ಅವತ್ತು ಅವರು ಕರೆಗಳನ್ನು ಕಿವಿಯಿಂದ ಎಣಿಸುವ ಬಗೆ ಹೇಳಿಕೊಟ್ಟರು. ಕೂಗನ್ನಲ್ಲ, ಕೂಗು ನಿಂತದ್ದನ್ನು ಎಣಿಸಬೇಕಂತೆ. ಮುಂದೆ ಸೆಂಟರು ನಡೆದದ್ದು ಆ ಪಾಠದಿಂದಲೇ. ಆದರೂ ಕಲಿಯುತ್ತ ಕೂತಾಗಲೂ ನನ್ನೊಳಗೆ ಉರಿಯುತ್ತಿತ್ತು. ತಮ್ಮ ಹೆಸರು ಹೋದರೂ ಬಿಟ್ಟುಕೊಡದಂಥದ್ದೊಂದು ಅವರ ಬಳಿ ಇತ್ತು. ನನ್ನ ಬಳಿ ಅಂಥದ್ದು ಏನಿತ್ತು?

ಎರಡು ವರ್ಷಕ್ಕೆ ಆ ಮನುಷ್ಯ ನಿವೃತ್ತನಾದ. ಎಕ್ಸ್‌ಚೇಂಜಿಗೆ ಹೊಸ ಯಂತ್ರ ಬಂತು. ಕೈಗೆಲ್ಲ ಮೊಬೈಲು ಬಂತು, ಬೂತಿನ ಗೂಡುಗಳು ಖಾಲಿಯಾದವು. ಆಪರೇಟರಮ್ಮ ಆಮೇಲೂ ಐದು ವರ್ಷ ಬದುಕಿದ್ದರು. ಅವರ ಗಡಿಯಾರ ಸರಿಯಿತ್ತು ಎಂದು ನಾನು ಯಾವತ್ತಾದರೂ ಹೇಳಬಹುದಿತ್ತು. ಇನ್ನು ಯಾರ ಪಿಂಚಣಿಗೂ ತೊಂದರೆಯಿರಲಿಲ್ಲ. ಮೊದಲ ಎರಡು ವರ್ಷ ಅವರ ಮಾತಿಗಾಗಿ ಸುಮ್ಮನಿದ್ದೆ. ಉಳಿದ ಐದು ವರ್ಷ ಸುಮ್ಮನಿದ್ದವನು ನಾನೇ. ಜನ ಅವರನ್ನು ಬಿಟ್ಟು ನನ್ನನ್ನು ಲೆಕ್ಕ ಕೇಳುವುದು ನನಗೆ ರೂಢಿಯಾಗಿತ್ತು.

ಅವರು ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಎಲ್ಲ ಮುಗಿದು ಕೈಕಾಲು ತೊಳೆಯಲು ಬೋರಿನ ಬಳಿ ನಿಂತಿದ್ದೆವು. ಅದೇ ಕಾಳಿನ ವ್ಯಾಪಾರಿ, ಈಗ ಮುದುಕ, "ಚಲೋ ಹೆಣ್ಣಮಗಳು. ಆ ಗಡಿಯಾರದ್ದೊಂದು ಬಿಟ್ರ ಹೆಸರಿಡಂಗಿರಲಿಲ್ಲ," ಎಂದ.

"ಗಡಿಯಾರ ಸರಿ ಇತ್ರಿ," ಎಂದೆ. "ಎಕ್ಸ್‌ಚೇಂಜಿನದಾ ಹಿಂದ ಇತ್ತು. ಅವರು ಅದಕ್ಕ ಹೊಂದಿಸಿ ಇಟ್ಟಿದ್ರು. ಹೊಟ್ಟಿಕಿಚ್ಚಿಗೆ ಸುದ್ದಿ ಹಬ್ಬಿಸಿದಾವ ನಾನು."

ಎಲ್ಲರೂ ನನ್ನ ಕಡೆ ತಿರುಗಿದರು. ಮುದುಕ ನನ್ನ ಹೆಗಲ ಮೇಲೆ ಕೈಯಿಟ್ಟ. "ದೊಡ್ಡ ಮನಸ್ಸು ನಿಮ್ದು ಸರ್. ಸತ್ತವರ ತಪ್ಪು ತಮ್ಮ ಮ್ಯಾಲ ಹಾಕ್ಕಳೋರು ಈಗ ಯಾರದಾರ?" ಉಳಿದವರು ಹೌದೆಂದು ತಲೆಯಾಡಿಸಿದರು.

"ಇಲ್ರಿ, ಖರೇನ ನಾನಾ," ಎಂದೆ.

ಅವನು ತಂಬಿಗೆ ಎತ್ತಿ ನನ್ನ ಕೈಗೆ ನೀರು ಹಾಕಿದ. ಮೂರನೆಯ ಸಲ ಹೇಳಲು ನನಗೆ ಬಾಯಿ ಬರಲಿಲ್ಲ. ಅದನ್ನು ಇಲ್ಲಿ ಬರೆದಿದ್ದೇನೆ.