ತಬಲಾದ ಮೇಲೆ ಕಲಿತ ಇಂಗ್ಲೀಷು

ಸಂಜೆ ಐದಕ್ಕೆ ಮುಖ ತೊಳೆಸಿಕೊಂಡು, ಕುತ್ತಿಗೆಯ ತುಂಬ ಪೌಡರ್ ಬಳಿಸಿಕೊಂಡು ಸಾನಿಯಾ ನಮ್ಮ ಗೋಪನಕೊಪ್ಪದ ಮನೆಯ ಬಾಗಿಲಲ್ಲಿ ನಿಂತಾಗಲೆಲ್ಲ ನನಗೆ ಕಾಕಾನ ತಬಲಾ ನೆನಪಾಗುತ್ತದೆ. ಎದುರು ಮನೆಯ ಈ ಹುಡುಗಿಗೆ ಆರು ವರ್ಷ, ಒಂದನೇ ತರಗತಿ. ಇಂಗ್ಲೀಷ್ ಓದು ತಲೆಗೆ ಹತ್ತುತ್ತಿಲ್ಲವೆಂದು ಅವಳ ತಾಯಿ, "ಆಂಟಿ, ನೀವು ಕಾನ್ವೆಂಟಿನ್ಯಾಗ ಕಲಿತವ್ರು. ಈ ಫೋನಿಕ್ಸ್ ಅಂತಾರಲ್ರಿ, ಅಕ್ಷರದ ದನಿ ಕೂಡಿಸಿ ಓದೂದು, ಅದೊಂದಿಷ್ಟು ಈಕಿಗೆ ಹೇಳಿಕೊಡ್ರಿ" ಎಂದು ಕಳಿಸುತ್ತಾಳೆ. ಕಾನ್ವೆಂಟಿನಲ್ಲಿ ಕಲಿತದ್ದು ಹೌದು. ಆದರೆ ಓದು ಬಂದದ್ದು ಹಳೇ ಹುಬ್ಬಳ್ಳಿಯ ಒಂದು ಪಡಸಾಲೆಯಲ್ಲಿ, ಇಂಗ್ಲೀಷಿನ ಒಂದಕ್ಷರವೂ ಬಾರದ ತಬಲಾ ಮಾಸ್ತರನ ಹತ್ತಿರ ಎಂದರೆ ಆಕೆ ನಂಬಿಯಾಳೆ?

ನಮ್ಮದು ಓಣಿಯೊಳಗಿನ ಓಣಿಯಲ್ಲಿದ್ದ ಮನೆ. ಸೈಕಲ್ಲು ತಿರುಗಿಸಬೇಕೆಂದರೆ ಎದುರಿನ ಟ್ರಂಕಿನ ಅಂಗಡಿಯ ಕಟ್ಟೆಯ ಮೇಲೆ ಮುಂದಿನ ಗಾಲಿ ಏರಿಸಬೇಕಿತ್ತು. ಅಲ್ಲಿ ತಗಡು ಬಡಿಯುವ ಸದ್ದು, ಇಲ್ಲಿ ಕಾಕಾನ ತಬಲಾ. ಎರಡೂ ಜಗಳವಾಡದೆ ಇರುತ್ತಿದ್ದವು. ಕಾಕಾ ನಮ್ಮ ಅಪ್ಪನ ತಮ್ಮ, ಮದುವೆಯಾಗಲಿಲ್ಲ. ಬೆವರಿದ ಬೆರಳು ಅಂಟದಿರಲೆಂದು ತಬಲಾದ ಮೇಲೆ, ಅದರ ಎಡಗೈ ಜೋಡಿಯಾದ ಡಗ್ಗಾದ ಮೇಲೆ ಪೌಡರ್ ಚಿಮುಕಿಸುತ್ತಿದ್ದ. ಸಂಜೆಯ ಹೊತ್ತಿಗೆ ಜಮಖಾನ, ಅವನ ಧೋತರ, ಮೊಣಕೈ, ಒಮ್ಮೊಮ್ಮೆ ಚಹಾದ ಬಸಿಯ ಅಂಚಿಗೂ ಅದೇ ವಾಸನೆ. ಕಲಿಯಲು ಬಂದವರಿಗೆ ಮೊದಮೊದಲು ತಬಲಾ ಮುಟ್ಟಲು ಕೊಡುತ್ತಿರಲಿಲ್ಲ. ಬೋಲುಗಳನ್ನು, ಅಂದರೆ ಒಂದೊಂದು ಪೆಟ್ಟಿನ ದನಿಯನ್ನು, ಬಾಯಲ್ಲೇ ಹೇಳಿಸುತ್ತಿದ್ದ. "ಬಾಯಾಗ ಬರಲಾರದ್ದು ಬೆರಳಾಗ ಹೆಂಗ ಬಂದೀತೋ?" ತಿ, ರ, ಕಿ, ಟ ಎಂದು ಬಿಡಿಬಿಡಿಯಾಗಿ, ಆಮೇಲೆ ತುಸು ಲಗೂ, ಕೊನೆಗೆ ನಾಲ್ಕೂ ಕರಗಿ ತಿರಕಿಟ ಎಂದು ಒಂದೇ ಉಸಿರಾಗುವ ತನಕ. ಸರಿ ಬಂದರೆ ಶಹಬ್ಬಾಸ್ ಇಲ್ಲ, ಬೆನ್ನು ತಟ್ಟುವುದಿಲ್ಲ. ಕಣ್ಣು ಮುಚ್ಚಿ ಒಂದೇ ಒಂದು "ಹಾಂ". ಆ ಒಂದು ಮಾತಿಗಾಗಿ ದೊಡ್ಡ ದೊಡ್ಡವರೆಲ್ಲ ತಿಂಗಳುಗಟ್ಟಲೆ ಕಾಯುತ್ತಿದ್ದರು.

ನಾನು ಒಂದನೇ ಇಯತ್ತೆಯಲ್ಲಿದ್ದಾಗ ಇಂಗ್ಲೀಷ್ ಸರಾಗ ಓದುತ್ತೇನೆಂದು ಮನೆಯವರೆಲ್ಲ ತಿಳಿದಿದ್ದರು. ಬಂದ ಬೀಗರೆದುರು ಅವ್ವ ಪುಸ್ತಕ ಹಿಡಿಸಿ ಓದಿಸುತ್ತಿದ್ದಳು. ಖರೇ ಹೇಳಬೇಕೆಂದರೆ ಪುಸ್ತಕವಿಡೀ ನನಗೆ ಬಾಯಿಪಾಠ. ಚಿತ್ರ ನೋಡಿ ಒಪ್ಪಿಸುತ್ತಿದ್ದೆ. ದಸರಾ ಸೂಟಿ ಮುಗಿದ ಮೇಲೆ ಒಂದು ದಿನ ನಮ್ಮ ಕ್ಲಾಸಿನ ಸಿಸ್ಟರ್ ಚಿತ್ರದ ಮೇಲೆ ಅಂಗೈ ಇಟ್ಟು, ಕೆಳಗಿನ ಪದ ಓದು ಎಂದರು. ಅಂಗೈಯ ಕೆಳಗೆ ಪೆನ್ನಿನ ಚಿತ್ರವಿತ್ತು. ನಾನು ಅಂದಾಜಿನಲ್ಲಿ ಡಾಗ್ ಎಂದೆ. ಆ ಸಂಜೆ ಡೈರಿಯಲ್ಲಿ ಬರೆದು ಬಂದದ್ದನ್ನು ಅಪ್ಪ ಎರಡು ಸಲ ಓದಿದ: ಕ್ರಿಸ್‌ಮಸ್ ಸೂಟಿಯೊಳಗೆ ಓದಲು ಬಾರದಿದ್ದರೆ ಮತ್ತೆ ಯುಕೆಜಿಗೆ. ಯುಕೆಜಿಯಲ್ಲಿ ನನ್ನ ತಂಗಿ ಇದ್ದಳು. ಅವಳ ಬೆಂಚಿನಲ್ಲಿ, ಅವಳ ಪಕ್ಕದಲ್ಲಿ ಕೂಡಬೇಕಲ್ಲ ಎಂದು ನಾನು ಉಣ್ಣದೆ ಅತ್ತೆ.

"ಅಳೂದು ಸಾಕು. ಆ ಪದದಾಗ ಏನೇನೈತಿ ಹೇಳು" ಎಂದ ಕಾಕಾ.

"ಪೀ, ಈ, ಎನ್."

ಕಾಕಾ ಮೂರನ್ನೂ ಲಗೂ ಲಗೂ ಹೇಳಿ ನೋಡಿದ. "ಪೀಈಎನ್... ಇದರಾಗ ಪೆನ್ ಎಲ್ಲಿಂದ ಬರಬೇಕವಾ? ಇವೆಲ್ಲ ಹೆಸರು. ಹೆಸರು ಬ್ಯಾಡ, ಬೋಲ್ ಹೇಳು. ಗೊತ್ತಿಲ್ಲಂದ್ರ ನಿಮ್ಮ ಸಿಸ್ಟರಿಗೆ ಕೇಳ್ಕೊಂಡು ಬಾ."

ಮರುದಿನ ಎದ್ದು ನಿಂತು, "ಸಿಸ್ಟರ್, ಪೀದ ಬೋಲ್ ಏನ್ರಿ?" ಎಂದು ಕೇಳಿದೆ. ಕ್ಲಾಸೆಲ್ಲ ನಕ್ಕಿತು. ಸಿಸ್ಟರ್ ಮಾತ್ರ ನಗಲಿಲ್ಲ. ಯಾರು ಹೇಳಿಕೊಟ್ಟರೆಂದು ವಿಚಾರಿಸಿ, "ನಿಮ್ಮ ಕಾಕಾ ಸರಿಯಾಗಿಯೇ ಕೇಳಿದ್ದಾರೆ" ಎಂದರು. ಅಂದಿನಿಂದ ಗಂಟೆ ಹೊಡೆದ ಮೇಲೆ ರಿಕ್ಷಾ ಬರುವ ತನಕ ದಿನಕ್ಕೆ ಮೂರೋ ನಾಲ್ಕೋ ಅಕ್ಷರದ ದನಿ ಹೇಳಿಕೊಡುತ್ತಿದ್ದರು. ಎಲ್ಲಿ ಮರೆತುಹೋಗುತ್ತವೋ ಎಂದು ದಾರಿಯುದ್ದಕ್ಕೂ ಯಾರೊಂದಿಗೂ ಮಾತಾಡದೆ, ಪೆಪ್ಪರಮೆಂಟಿನ ಹಾಗೆ ಅವನ್ನು ಬಾಯಲ್ಲೇ ಇಟ್ಟುಕೊಂಡು ಮನೆಗೆ ಬರುತ್ತಿದ್ದೆ. ಆದರೆ ಮೊದಲ ದಿನ ನನ್ನ ಬಾಯಿಂದ ಹೊರಟದ್ದು "ಪ, ಎ, ನ". ಎಷ್ಟು ಲಗೂ ಹೇಳಿದರೂ ಪಎನ, ಪಎನ. ಒಳಗಿನಿಂದ ಅವ್ವ, "ಭಾಳ ಚಂದ ಆತು! ನಾಳಿಂದ ಮಗ್ಗೀನೂ ಡಗ್ಗಾದ ಮ್ಯಾಲ ಕಲಿಸಿಬಿಡ್ರಿ!" ಎಂದಳು. ಕಾಕಾ ತಬಲಾಕ್ಕೆ ಒಂದು ಪೆಟ್ಟು ಕೊಟ್ಟು, ದನಿ ಏಳುವಷ್ಟರಲ್ಲಿ ಅಂಗೈಯಿಂದ ಒತ್ತಿ ಮುಚ್ಚಿದ. "ಇದು ಬಂದ್ ಬೋಲ್. ಬಾಲ ಬಿಡಬ್ಯಾಡ. ಪ ಅಲ್ಲ, ಪ್. ನಡುವಿನ ಎ ಒಂದ ಖುಲ್ಲಾ. ಅದನ್ನ ಡಗ್ಗಾದ ಮ್ಯಾಲ ಹರಿಯಾಕ ಬಿಡು." ನನ್ನ ಕೈ ಹಿಡಿದು ಪೌಡರಿನ ಮೇಲೆ ಇಟ್ಟ. ಪ್, ಎ, ನ್. ಪ್, ಎ, ನ್. ಲಯ ಏರುತ್ತ ಹೋದಂತೆ ಯಾವ ಸುತ್ತಿನಲ್ಲೋ ಏನೋ, ಪೆನ್ ಎಂಬುದು ತಾನಾಗಿ ನಾಲಿಗೆಗೆ ಬಂತು. ನಾನು ಕಿರುಚಿದೆ. ಕಾಕಾ "ಹಾಂ" ಅನ್ನಲಿಲ್ಲ. "ಇನ್ನೊಂದು ಪದ ತಾ" ಎಂದ.

ಕ್ರಿಸ್‌ಮಸ್ ಸೂಟಿಗೆ ಮುಂಚೆ ಸಿಸ್ಟರ್ ನಾನು ಕಂಡಿರದ ಪುಸ್ತಕವೊಂದನ್ನು ತೆಗೆದು ಚಿತ್ರದ ಮೇಲೆ ಅಂಗೈ ಇಟ್ಟರು. ನನ್ನ ಬೆರಳು ಡೆಸ್ಕಿನ ಮೇಲೆ ತಾವಾಗಿ ಆಡತೊಡಗಿದವು, ನಾಚಿಕೆಯಾಗಿ ನಿಲ್ಲಿಸಿದೆ. "ಬಾರಿಸು, ಬಾರಿಸು" ಎಂದರು ಸಿಸ್ಟರ್. ಒಂದು ಪುಟ ಪೂರಾ ಓದಿದೆ; ಪುಸ್ತಕವನ್ನು ಮನೆಗೆ ಕೊಟ್ಟು ಕಳಿಸಿದರು. ಮನೆಗೆ ಓಡಿಬಂದು ಬೂಟು ಕಳೆಯದೆ ಜಮಖಾನದ ಮೇಲೆ ಅದೇ ಪುಸ್ತಕ ಬಿಚ್ಚಿದಾಗ ಚಿತ್ರದ ಮೇಲೆ ಅಂಗೈ ಇಟ್ಟವನು ಕಾಕಾ. ಓದಿ ಮುಗಿಸಿದೆ. ಅವನು ಕಣ್ಣು ಮುಚ್ಚಿದ. "ಹಾಂ."

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬೇಕು, ತಮಗೆ ಬಾರದ್ದನ್ನು ಕಲಿಸಿ ಹೋದವರು. ಆ ಪಡಸಾಲೆ ಇದ್ದಲ್ಲಿ ಈಗ ಮೊಬೈಲ್ ಅಂಗಡಿಯ ಶಟರ್ ಇದೆ. ಕಾಕಾ ಕೊನೆಗೆ ಸತ್ತೂರಿನ ಆಸ್ಪತ್ರೆಯಲ್ಲಿದ್ದಾಗ ಮೇಲೆ ತೂಗುಹಾಕಿದ್ದ ಬಾಟಲಿ ತೋರಿಸಿ, "ಏನಂತ ಬರದಾರವಾ?" ಎಂದು ಕೇಳಿದ್ದ. ನಾನು ಹೆಸರು ಹೇಳಲಿಲ್ಲ. ಒಂದೊಂದೇ ದನಿ ಬಿಡಿಸಿ ಹೇಳಿದೆ. ಚಾದರದ ಮೇಲೆ ಅವನ ಬೆರಳು ಅದನ್ನು ನುಡಿಸಿದವು.

ನಿನ್ನೆ ಸಾನಿಯಾ "ಸ, ಅ, ನ" ಎಂದು ಬಾಲ ಬಿಡುತ್ತ ಕೂತಿದ್ದಳು. ಅವಳ ಪುಟ್ಟ ಅಂಗೈಯನ್ನು ಟೀಪಾಯಿಯ ಮೇಲೆ ಒತ್ತಿ ಹಿಡಿದೆ. ಸ್, ಅ, ನ್. ಮತ್ತೆ. ಮತ್ತೆ, ತುಸು ಲಗೂ. ಒಮ್ಮೆಲೇ, "ಸನ್! ಆಂಟಿ, ಸೂರ್ಯಾ!" ಎಂದು ನನ್ನ ಮುಖ ನೋಡಿದಳು. ವೆರಿ ಗುಡ್ ಅನ್ನಬೇಕೆಂದೇ ಬಾಯಿ ತೆರೆದೆ. ಪೌಡರಿನ ವಾಸನೆ ಬಂತು, ಕಣ್ಣು ತಾವಾಗಿ ಮುಚ್ಚಿದವು. "ಹಾಂ" ಎಂದೆ, ದನಿ ನನ್ನದಾಗಿರಲಿಲ್ಲ. ಕಣ್ಣು ತೆರೆದಾಗ ಸಾನಿಯಾ ಆಗಲೇ ಮುಂದಿನ ಪದದ ಮೇಲೆ ಬೆರಳಿಟ್ಟಿದ್ದಳು.