ಪರದೆಯಕ್ಕ ನಾಲಿಗೆ ಕಟ್ಟಿಕೊಂಡದ್ದು

ಆ ಬೀದಿಯಲ್ಲಿ ಪರದೆಯಕ್ಕನ ಬಾಯಿಗೆ ಹೆದರದವರಿರಲಿಲ್ಲ. ಮೂಲೆಯ ಸಣ್ಣ ಅಂಗಡಿಯಲ್ಲಿ ಒಂದೇ ಒಂದು ಮಿಷನ್ ಇಟ್ಟುಕೊಂಡು ಕಿಟಕಿ ಪರದೆ, ಸೋಫಾ ಕವರು ಹೊಲಿಯುತ್ತಿದ್ದಳು. ಕೈ ಎಷ್ಟು ನೇರವೋ ಬಾಯಿಯೂ ಅಷ್ಟೇ ನೇರ. ಯಾರ ಮನೆಗೆ ಹೋದರೂ ಮೊದಲು ಕಿಟಕಿ ನೋಡುವಳು, ಆಮೇಲೆ ಮನೆಯವರನ್ನು. "ಇದನ್ನ ಹೊಲಿದವರು ಯಾರು, ಓಡೋ ಬಸ್ಸಲ್ಲಿ ನಿಂತು ಹೊಲಿದ್ರಾ?" ಎಂದು ಕೇಳಿ ಮನೆಯೊಡತಿಯ ಮುಖ ಸಣ್ಣದು ಮಾಡಿ ಬರುವಳು.

ಅವಳ ಹತ್ತಿರ ಕೆಲಸ ಕಲಿಯಲು ಒಬ್ಬ ಹುಡುಗಿ ಬಂದಿದ್ದಳು. ಎಷ್ಟು ತಿದ್ದಿದರೂ ಅಂಚು ನೆಟ್ಟಗೆ ಬರಲಿಲ್ಲ. ಪರದೆಯಕ್ಕ ಅವಳಿಗೆ 'ಡೊಂಕಿ' ಎಂದು ಹೆಸರಿಟ್ಟಳು. ಹೆಸರು ಬೀದಿಗೆಲ್ಲ ಹರಡಿತು. ವರ್ಷ ತುಂಬುವ ಮೊದಲೇ ಹುಡುಗಿ ಕಣ್ಣೊರೆಸಿಕೊಂಡು ಹೋದಳು. ಹೋದವಳು ಸುಮ್ಮನೆ ಕೂರದೆ, ಕೆಲವು ವರ್ಷಗಳಲ್ಲಿ ಮುಖ್ಯರಸ್ತೆಯಲ್ಲಿ ಗಾಜಿನ ಬಾಗಿಲಿನ ಷೋರೂಮು ತೆರೆದಳು. ಪರದೆ, ಸೋಫಾ, ಹಾಸಿಗೆ, ಮಹಡಿಯಲ್ಲಿ ಸಾಲಾಗಿ ಹೊಲಿಗೆ ಮಿಷನ್ನು. "ಅಷ್ಟೂ ಜನ ಸೇರಿ ಒಂದು ಅಂಚು ನೆಟ್ಟಗೆ ಹೊಲಿಯಲಿ ನೋಡೋಣ" ಎಂದಳು ಪರದೆಯಕ್ಕ.

ಅವಳ ಬಾಯಿಗೆ ಜಗ್ಗದವನೆಂದರೆ ಅವಳ ಒಡಹುಟ್ಟಿದ ಅಕ್ಕನ ಗಂಡ ಒಬ್ಬನೇ. ಜೀವವಿಮೆ ಏಜೆಂಟು. ಅವಳ ಮದುವೆಯಾದ ಹೊಸದರಿಂದ ಬೇತಾಳದ ಹಾಗೆ ಬೆನ್ನು ಬಿದ್ದಿದ್ದ. "ನಾಳೆ ಏನೋ ಎಂತೋ, ಒಂದು ಪಾಲಿಸಿ ಮಾಡಿಸಮ್ಮಾ" ಅನ್ನುವನು. "ನೀವು ಹೀಗೆ ದಿನಾ ಸಾವು ನೆನಪಿಸ್ತಾ ಇದ್ರೆ ನಾನು ಸಾಯೋದೇ ಇಲ್ಲ ಬಿಡಿ ಭಾವ" ಎಂದು ಅವಳು ಚಹಾ ಕೊಟ್ಟು ಸಾಗಹಾಕುವಳು.

ಹಾಗಿರುವಾಗ ಎದೆಯಲ್ಲಿ ಗಂಟು ಕಂಡಿತು. ಕ್ಯಾನ್ಸರ್ ಎಂದರು. ಆಪರೇಷನ್ ಆಯಿತು, ಕೂದಲು ಹೋಯಿತು, ಮತ್ತೆ ಬಂತು. ಬೀದಿಯವರೆಲ್ಲ ಬಂದು ಹೊಸ್ತಿಲ ಆಚೆಯೇ ನಿಂತು, ಅಂಟುಜಾಡ್ಯದ ಮನೆಗೆ ಬಂದವರ ಹಾಗೆ, "ಧೈರ್ಯವಾಗಿರು" ಎಂದು ಹೇಳಿ ಹೋದರು. ಕೊನೆಗೆ ಡಾಕ್ಟರು, "ಈಗ ಏನೂ ಕಾಣ್ತಿಲ್ಲ, ಮಾತ್ರೆ ತಪ್ಪಿಸಬೇಡಿ, ಕರೆದಾಗ ಬನ್ನಿ" ಅಂದರು. ಆ 'ಕಾಣ್ತಿಲ್ಲ' ಎಂಬ ಮಾತು ಅವಳ ತಲೆಯಲ್ಲಿ ಸೊಳ್ಳೆಯ ಹಾಗೆ ಗುಂಯ್‌ಗುಡತೊಡಗಿತು. ಇಲ್ಲ ಅನ್ನಲಿಲ್ಲವಲ್ಲ, ಕಾಣ್ತಿಲ್ಲ ಅಂದರು.

ಮಗಳಿನ್ನೂ ಆರನೇ ಕ್ಲಾಸು. ಒಂದು ಬೆಳಗ್ಗೆ, "ಇವತ್ತಿಂದ ಜಡೆ ನೀನೇ ಹಾಕ್ಕೋ" ಎಂದು ಬಾಚಣಿಗೆ ಅವಳ ಕೈಗೆ ಕೊಟ್ಟಳು. ಮಗಳು ಮುಖ ಊದಿಸಿ, "ನೀನಿದ್ದೀಯಲ್ಲ, ನೀನೇ ಹಾಕು" ಅಂದಳು. ಗಂಡನ ಟೆಂಪೋ ಒಂದು ದಿನ ಓಡಿದರೆ ಎರಡು ದಿನ ಗ್ಯಾರೇಜಿನಲ್ಲಿ. ತಾನು ಹೋದರೆ ಈ ಹುಡುಗಿಯ ಓದು ಅಲ್ಲಿಗೇ ಮುಗಿದಂತೆ. ಮಧ್ಯಾಹ್ನವೇ ಅಂಗಡಿ ಮುಚ್ಚಿ ಭಾವನ ಮನೆಗೆ ನಡೆದಳು.

ಬೆನ್ನು ಬಿಡದಿದ್ದ ಬೇತಾಳ ಈಗ ಪೇಪರಿನಿಂದ ತಲೆಯನ್ನೇ ಎತ್ತಲಿಲ್ಲ.

"ಸದ್ಯಕ್ಕೆ ಆಗಲ್ಲಮ್ಮಾ. ಐದು ವರ್ಷ ಏನೂ ತೊಂದರೆ ಇಲ್ದೆ ಕಳೀಲಿ, ಆಮೇಲೆ ಕೇಳಿ ನೋಡೋಣ."

"ಅಂದ್ರೆ ಐದು ವರ್ಷ ಬದುಕಿ ತೋರಿಸಿದ್ರೆ ಆಮೇಲೆ ಸಾಯೋದಕ್ಕೆ ಒಪ್ಪಿಗೆ ಕೊಡ್ತೀರಿ."

"ನಾನೇನು ಮಾಡ್ಲಿ, ಕಂಪನಿ ರೂಲು" ಎಂದವನು ಪೇಪರು ಮಡಿಸಿ ದನಿ ತಗ್ಗಿಸಿದ. "ಬೇಕಾದ್ರೆ ಕಾಯಿಲೆ ವಿಷಯ ಬರೆಯೋದೇ ಬೇಡ. ಯಾರು ಬಂದು ನೋಡ್ತಾರೆ?"

"ನಾನು ಸತ್ತ ಮೇಲೆ ನೋಡ್ತಾರೆ ಭಾವ. ಆಸ್ಪತ್ರೆ ಕಾಗದ ತೆಗೆದು, ಸುಳ್ಳು ಹೇಳಿದ್ದಾಳೆ ಅಂತ ನನ್ನ ಮಗಳನ್ನ ಬರಿಗೈಲಿ ಕಳಿಸ್ತಾರೆ. ನಿಮ್ಮ ಕಮಿಷನ್ ಮಾತ್ರ ಅಷ್ಟು ಹೊತ್ತಿಗೆ ಅರಗಿರುತ್ತೆ."

ಅಕ್ಕ ಅಡುಗೆಮನೆಯಿಂದ "ಚಹಾ ಕುಡಿದು ಹೋಗೇ" ಅಂದಳು. "ಅದನ್ನಾದ್ರೂ ಕೊಡೋಕೆ ರೂಲು ಇದೆಯಾ ಕೇಳಿಕೋ" ಎಂದು ಹೇಳಿ ಪರದೆಯಕ್ಕ ಎದ್ದು ಬಂದಳು.

ದಾರಿ ಹೇಳಿದವನು ಗಂಡ. ಅವನು ಹೆಚ್ಚು ಮಾತಿನವನಲ್ಲ. ಟೈರಿಗೆ ಗಾಳಿ ತುಂಬುತ್ತಾ, ಅವಳ ಮುಖ ನೋಡದೆ ಹೇಳಿದ: "ಒಂದು ಕಡೆ ಕೆಲಸಕ್ಕಿರೋರಿಗೆಲ್ಲ ಒಟ್ಟಿಗೇ ಜೀವವಿಮೆ ಮಾಡಿಸಿದ್ದಾರೆ. ಹಳೇ ಕಾಯಿಲೆ ಏನೂ ಕೇಳಲ್ಲವಂತೆ. ಮೂರು ತಿಂಗಳು ಕೆಲಸ ಮಾಡಿ ಖಾಯಂ ಆದ್ರೆ ಸಾಕಂತೆ."

"ಎಲ್ಲಿ?"

"ನಾನು ಸೋಫಾ ಸಾಗಿಸ್ತೀನಲ್ಲ, ಅಲ್ಲಿ."

ಡೊಂಕಿಯ ಷೋರೂಮು. ಪರದೆಯಕ್ಕ ಎರಡು ದಿನ ಗಂಡನ ಜೊತೆ ಮಾತು ಬಿಟ್ಟಳು, ಅವನೇ ಷೋರೂಮು ಕಟ್ಟಿಸಿದವನೇನೋ ಎಂಬಂತೆ. ಮೂರನೆಯ ದಿನ ಹೋಗಿ ಆ ಗಾಜಿನ ಬಾಗಿಲು ತಳ್ಳಿದಳು.

ಡೊಂಕಿ ಈಗ ಮೇಡಂ. ತಣ್ಣಗಿನ ಕೋಣೆ, ತಿರುಗುವ ಕುರ್ಚಿ, ಕೊರಳಲ್ಲಿ ಮಾತ್ರ ಹಳೆಯ ಅಭ್ಯಾಸದಂತೆ ಅಳತೆ ಟೇಪು. ಪರದೆಯಕ್ಕ ಮುಚ್ಚುಮರೆ ಮಾಡಲಿಲ್ಲ.

"ನನಗೆ ಕ್ಯಾನ್ಸರ್ ಆಗಿತ್ತು. ವಿಮೆ ಬೇಕು, ಅದಕ್ಕೇ ಬಂದೆ."

"ಗೊತ್ತು ಅಕ್ಕ. ಸಂಬಳಕ್ಕಾದ್ರೆ ನೀವು ಇತ್ತ ಕಾಲೂ ಹಾಕ್ತಿರಲಿಲ್ಲ. ವಿಮೆಯವರು ಕಾಯಿಲೆ ಕೇಳಲ್ಲ. ಆದ್ರೆ ಕೆಲಸ ಬಿಟ್ಟ ದಿನ ವಿಮೆನೂ ಬಿಡುತ್ತೆ. ಮೊದಲು ಮೂರು ತಿಂಗಳು ನಾವು ನಿಮ್ಮನ್ನ ನೋಡ್ತೀವಿ."

"ನನ್ನ ಕೈಕೆಲಸ ನೋಡಬೇಕಾ ನೀನು?"

"ನೀವು ಅನ್ನಿ. ಇಲ್ಲಿ ಎಲ್ರೂ ನೀವು ಅಂತಾರೆ. ಕೈ ನೋಡೋಕಲ್ಲ ಅಕ್ಕ. ನನ್ನ ಅಂಗಡೀಲಿ ಹೊಲಿಯೋರಿಗೆ ಯಾರೂ ಅಡ್ಡಹೆಸರು ಇಡೋ ಹಾಗಿಲ್ಲ. ಅದೊಂದು ನೋಡ್ತೀನಿ."

ಆ ಮೂರು ತಿಂಗಳು ಪರದೆಯಕ್ಕನಿಗೆ ಕೀಮೋಗಿಂತ ಕಷ್ಟವಾಯಿತು. ಮಹಡಿಯಲ್ಲಿ ಒಬ್ಬಳು ಹೂವಿನ ಬಟ್ಟೆಯನ್ನು ತಲೆಕೆಳಗಾಗಿ ಹೊಲಿಯುತ್ತಿದ್ದಳು. ಇನ್ನೊಬ್ಬಳು ಲೈನಿಂಗನ್ನು ಉದ್ದ ಬಿಟ್ಟು ಅದಕ್ಕೆ ಫ್ಯಾಷನ್ ಅನ್ನುತ್ತಿದ್ದಳು. ಮಾತು ಗಂಟಲಿಗೆ ಬಂದಾಗೆಲ್ಲ ನಾಲ್ಕು ಗುಂಡುಪಿನ್ನು ತೆಗೆದು ತುಟಿಯಲ್ಲಿ ಕಚ್ಚಿಕೊಳ್ಳುವಳು. "ಎಷ್ಟು ಮೆತ್ತಗಿನ ಹೆಂಗಸಪ್ಪಾ" ಎಂದು ಹುಡುಗಿಯರು ಆಡಿಕೊಂಡರು. ಹುಟ್ಟಿದಾರಭ್ಯ ಯಾರೂ ಅವಳಿಗೆ ಅಷ್ಟು ಕೆಟ್ಟ ಬೈಗುಳ ಬೈದಿರಲಿಲ್ಲ.

ಖಾಯಂ ಆಗಲು ವಾರವೊಂದಿರುವಾಗ ನಿವೃತ್ತ ಹೆಡ್‌ಮಿಸ್ ಬಂದರು. ಅವರ ಮನೆಯ ಪರದೆಯೆಲ್ಲ ಪರದೆಯಕ್ಕನೇ ಹೊಲಿದದ್ದು. ಈಗ ಮಗನ ಹೊಸ ಮನೆಗೆಂದು ಷೋರೂಮಿನಲ್ಲಿ ಆರ್ಡರ್ ಕೊಟ್ಟಿದ್ದರು. ಕೆಲಸ ಜಾಸ್ತಿಯಿದ್ದದ್ದರಿಂದ ಆ ಪರದೆಗಳನ್ನು ಮೇಡಮ್ಮೇ ಹೊಲಿದಿದ್ದಳು. ಬಿಡಿಸಿ ಹಿಡಿದರೆ ಒಂದು ನೆರಿಗೆ ದಪ್ಪ, ಒಂದು ಸಣಕಲು. ಕೆಳಗಿನ ಅಂಚು ಹಾವು ಹರಿದಂತೆ. ಹೆಡ್‌ಮಿಸ್ ಕನ್ನಡಕ ಸರಿಮಾಡಿಕೊಂಡರು.

"ನೀನು ಇಲ್ಲಿ ಸೇರಿದ್ದೀಯ ಅಂತ ಕೇಳೇ ಇಲ್ಲಿ ಕೊಟ್ಟೆ. ಇದು ನಿನ್ನ ಕೈಕೆಲಸಾನಾ?"

ಕೌಂಟರಿನ ಹಿಂದೆ ಮೇಡಂ ಟೇಪಿನ ತುದಿ ಹಿಡಿದು ನಿಂತಿದ್ದಳು. ಮುಖ ಕೆಂಪಗಾಗಿತ್ತು.

ಪರದೆಯಕ್ಕನ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಿತ್ತು, ಅದೂ ಉಪ್ಪುಖಾರ ಹಚ್ಚಿಕೊಂಡು. ಜೀವಮಾನದಲ್ಲಿ ಅವಳು ಗಳಿಸಿದ್ದೆಂದರೆ ನೆಟ್ಟಗಿನ ಅಂಚು, ಅದೊಂದೇ. ಅವಳು ಆ ಡೊಂಕು ಅಂಚನ್ನು ನೋಡಿದಳು. ಮಗಳ ಮುಖ ನೆನೆದಳು.

"ಹೌದು ಮಿಸ್. ನಂದೇ."

ಹೆಡ್‌ಮಿಸ್ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಬೈಯಲಿಲ್ಲ. ಪರದೆಯನ್ನು ಮೆಲ್ಲಗೆ ಮಡಿಸಿ, ಅವಳ ಮೊಣಕೈ ಸವರಿ, "ಪಾಪ. ಅಂಥಾ ಕಾಯಿಲೆ ಆದ ಮೇಲೆ ಕೈ ಮೊದಲಿನ ಹಾಗೆ ಹೇಗಿರುತ್ತೆ. ಪರವಾಗಿಲ್ಲ ಬಿಡು, ಇದನ್ನೇ ಹಾಕ್ಕೋತೀವಿ" ಎಂದರು.

ಮೇಡಂ ಬಿಲ್ಲು ಕೊಟ್ಟಳು. ವಾರದ ಕೊನೆಗೆ ಪರದೆಯಕ್ಕ ಖಾಯಂ ಆದಳು, ವಿಮೆಗೆ ಹೆಸರು ಸೇರಿತು, ನಾಮಿನಿ ಮಗಳು. ಸುದ್ದಿ ತಿಳಿದು ಭಾವ ಮನೆಯವರೆಗೂ ಬಂದು, "ಈ ಉಪಾಯ ನಾನೇ ಹೇಳೋಣ ಅಂತಿದ್ದೆ" ಅಂದ. ಅವನಿಗೆ ಚಹಾ ಸಿಗಲಿಲ್ಲ.

ಅಷ್ಟರಲ್ಲಿ ಇನ್ನೊಂದು ಸುದ್ದಿಯೂ ಬೀದಿ ಸುತ್ತಿತ್ತು: ಪರದೆಯಕ್ಕನ ಕೈ ಹೋಯಿತಂತೆ. ಮೊದಲು ಅವಳನ್ನು ಕಂಡರೆ ಕಿಟಕಿ ಮುಚ್ಚುತ್ತಿದ್ದವರು ಈಗ ಕರೆಕರೆದು ತಮ್ಮ ಪರದೆ ತೋರಿಸಿ, "ಚೆನ್ನಾಗಿದೆಯಾ ಅಕ್ಕ?" ಎಂದು ಮಾತಾಡಿಸತೊಡಗಿದರು, ಮಕ್ಕಳನ್ನು ಆಡಿಸುವವರ ಹಾಗೆ. ಗಂಡನಿಗೆ ತಡೆಯಲಾಗಲಿಲ್ಲ. ಒಂದು ಸಂಜೆ ಚಪ್ಪಲಿ ಮೆಟ್ಟಿಕೊಂಡ.

"ಹೆಡ್‌ಮಿಸ್ ಮನೆಗೆ ಹೋಗಿ ಹೇಳಿ ಬರ್ತೀನಿ, ಆ ಹೊಲಿಗೆ ನಿಂದಲ್ಲ ಅಂತ."

"ಕೂತ್ಕೊಳ್ರೀ" ಅಂದಳು ಪರದೆಯಕ್ಕ. "ನಾನು ಹೋದ ಮೇಲೆ ಹೇಳಿ. ಆಗ ನನ್ನನ್ನ ಯಾರೂ ಕೆಲಸದಿಂದ ತೆಗೆಯೋಕಾಗಲ್ಲ."

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಚಪ್ಪಲಿ ಬಿಚ್ಚಿ ಬಾಗಿಲ ಬಳಿ ಇಟ್ಟ.